ಮನೆ ಪಕ್ಕದ ಉಪ್ಪುನೀರಲ್ಲಿ ಬದುಕು ಹುಡುಕಿಕೊಂಡ ಜೋ ಬ್ರೂಕ್ಸ್

ಇಪ್ಪತ್ತೆರಡಕ್ಕೆ ಪ್ಲೇಸ್‌ಮೆಂಟ್, ಇಪ್ಪತ್ತೈದಕ್ಕೆ ಪ್ರಮೋಷನ್, ಮೂವತ್ತಕ್ಕೆ ಸೈಟು. ನಮ್ಮ ತಲೆಮಾರಿಗೆ ಬದುಕಿನ ಟೈಮ್‌ಟೇಬಲ್ ಮೊದಲೇ ಅಚ್ಚಾಗಿ ಬಂದಿದೆ. ಅದರಲ್ಲಿ ಒಂದು ಬಸ್ ತಪ್ಪಿದರೂ ಎಲ್ಲ ಮುಗಿಯಿತು ಅನ್ನೋ ಹೆದರಿಕೆ. ಈ ಟೈಮ್‌ಟೇಬಲ್ಲಿನಲ್ಲಿ ಹೆಚ್ಚುಕಡಿಮೆ ಎಲ್ಲ ಬಸ್ಸುಗಳನ್ನೂ ತಪ್ಪಿಸಿಕೊಂಡು, ನಲವತ್ತರ ಆಚೆ ಹೆಸರು ಮಾಡಿದವನೊಬ್ಬನ ಬದುಕನ್ನು ನಿಮಗೆ ಹೇಳಬೇಕು. ಆತನ ಹೆಸರು ಜೋ ಬ್ರೂಕ್ಸ್. ಫ್ಲೈ ಫಿಶಿಂಗ್ ಬಲ್ಲವರ ನಡುವೆ ಇದು ಬಹಳ ದೊಡ್ಡ ಹೆಸರು. ಆತ ತೀರಿಕೊಂಡು ಅರ್ಧ ಶತಮಾನ ದಾಟಿದೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವವನು. ಟೆಕ್ನಿಕಲ್ ಸೆಮಿನಾರಿಗೆ ನಾನು ಆರಿಸಿಕೊಂಡ ವಿಷಯ, ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುವ ಕ್ಯಾಂಟಿಲಿವರ್ ಬೀಮು. ಅದಕ್ಕೆ ಉದಾಹರಣೆ ಹುಡುಕುವಾಗ ಸಿಕ್ಕಿದ್ದು ಫ್ಲೈ ಫಿಶಿಂಗ್ ಕೋಲು. ಕೋಲಿನ ಹಿಂದೆ ಹೋದವನಿಗೆ ಆ ಕೋಲು ಹಿಡಿದ ಮನುಷ್ಯ ಸಿಕ್ಕಿದ.

ಮೊದಲು ಈ ಗಾಳದ ಬಗ್ಗೆ ಎರಡು ಮಾತು. ನಮ್ಮ ಊರ ಕೆರೆಯಲ್ಲಿ ಗಾಳ ಹಾಕುವವರನ್ನು ನೋಡಿದ್ದೀರಿ. ದಾರ ತೆಳು, ತುದಿಯಲ್ಲಿ ಎರೆಹುಳು. ಜೊತೆಗೊಂದು ಸೀಸದ ಗುಂಡು. ಎಸೆದಾಗ ಆ ಗುಂಡಿನ ತೂಕವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದೆಲ್ಲ ತಲೆಕೆಳಗು. ಗರಿ, ಪ್ರಾಣಿಯ ಕೂದಲು, ನೂಲು ಸುತ್ತಿ ಮಾಡಿದ ನಕಲಿ ಹುಳುವಿಗೆ ತೂಕವೇ ಇಲ್ಲ ಎನ್ನಬೇಕು. ಅದನ್ನೇ 'ಫ್ಲೈ' ಅನ್ನುತ್ತಾರೆ. ಇಲ್ಲಿ ತೂಕ ಇರುವುದು ದಾರಕ್ಕೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಕುಣಿಕೆಯ ಆಕಾರ ತಳೆದು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಬಿಚ್ಚಿಕೊಂಡಂತೆ ಚಲಿಸುವ ಭಾಗ ಚಿಕ್ಕದಾಗುತ್ತದೆ. ದ್ರವ್ಯರಾಶಿ ಕಡಿಮೆಯಾದ ಹಾಗೆ, ಉಳಿದ ಶಕ್ತಿ ಆ ಚಿಕ್ಕ ತುಂಡಿನಲ್ಲಿ ವೇಗವಾಗಿ ಕಾಣಿಸಿಕೊಳ್ಳುತ್ತದೆ. ಎತ್ತಿನ ಗಾಡಿಯವರ ಚಾಟಿಯ ತುದಿ ಚಟ್ಟೆನ್ನುವುದಕ್ಕೂ ಇದೇ ಕಾರಣ. ಗಾಳಿಯ ತಡೆ ಇರುವುದರಿಂದ ದಾರ ಚಾಟಿಯಂತೆ ಸಿಡಿಯದೆ, ಕೊನೆಗೆ ಮೆತ್ತಗೆ ನೀರ ಮೇಲೆ ಮಲಗುತ್ತದೆ.

ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬಹುಕಾಲ ಇದು ತಣ್ಣನೆಯ ತೊರೆಗಳ ಆಟವಾಗಿತ್ತು. ಟ್ರೌಟ್, ಸಾಲ್ಮನ್ ಮೀನುಗಳಿಗೆ ಮೀಸಲು. ಸಮುದ್ರದ ಮೀನಿಗೆ ಫ್ಲೈ ಎಸೆಯುವವರು ಅಲ್ಲಲ್ಲಿ ಇದ್ದರೂ ಅವರನ್ನು ವಿಚಿತ್ರ ಮನುಷ್ಯರ ಹಾಗೆ ನೋಡುತ್ತಿದ್ದರು. ಕಡಲ ಗಾಳಿ ಜೋರು, ಮೀನು ದೊಡ್ಡದು, ಉಪ್ಪು ಎಲ್ಲವನ್ನೂ ತಿನ್ನುತ್ತದೆ. ಈ ನೋಟವನ್ನು ಬದಲಿಸಿದವರಲ್ಲಿ ಬ್ರೂಕ್ಸ್ ಮುಖ್ಯ.

ಆತ ಹುಟ್ಟಿದ್ದು 1901ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಊರಿನ ಪಕ್ಕದಲ್ಲೇ ಚೆಸಾಪೀಕ್ ಕೊಲ್ಲಿ. ಅಮೆರಿಕದ ಅತಿ ದೊಡ್ಡ ಅಳಿವೆ ಇದು. ಉದ್ದ ಸುಮಾರು 320 ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು. ಸಸ್ಕ್ವಹಾನ, ಪೊಟೊಮ್ಯಾಕ್‌ನಂಥ ನದಿಗಳು ಬಂದು ಇಲ್ಲಿ ಕಡಲಿನ ಜೊತೆ ಬೆರೆಯುತ್ತವೆ. ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ ಎಂಬಂಥ ನೀರು.

ಈ ನೀರಿನ ರಾಜ ಸ್ಟ್ರೈಪ್ಡ್ ಬಾಸ್. ಬೆಳ್ಳಿ ಬಣ್ಣದ ಮೈ, ಅದರ ಮೇಲೆ ಉದ್ದುದ್ದಕ್ಕೆ ಏಳೆಂಟು ಕಪ್ಪು ಗೆರೆ. ಮೇರಿಲ್ಯಾಂಡಿನ ಜನ ಇದನ್ನು ರಾಕ್‌ಫಿಶ್ ಎನ್ನುತ್ತಾರೆ, ಇದು ಅವರ ರಾಜ್ಯದ ಮೀನೂ ಹೌದು. ವಸಂತದಲ್ಲಿ ದೊಡ್ಡ ಹೆಣ್ಣು ಮೀನುಗಳು ಕಡಲಿನಿಂದ ನದಿಗೆ ಹತ್ತಿ ಸಿಹಿನೀರಿನಲ್ಲಿ ಮೊಟ್ಟೆ ಬಿಡುತ್ತವೆ. ಮೊಟ್ಟೆ ತಳ ಸೇರಿದರೆ ಕೂಳಿನಲ್ಲಿ ಹೂತು ಸಾಯುತ್ತದೆ, ಹಾಗಾಗಿ ಮರಿಯಾಗುವ ತನಕ ಅದನ್ನು ತೇಲಿಸಿಕೊಂಡು ಹೋಗುವಷ್ಟು ಹರಿವು ನದಿಯಲ್ಲಿ ಇರಲೇಬೇಕು. ಮರಿಗಳು ಕೊಲ್ಲಿಯಲ್ಲಿ ಕೆಲವು ವರ್ಷ ಬೆಳೆದು, ಆಮೇಲೆ ಹಲವು ಕಡಲಿಗಿಳಿದು ಉತ್ತರದ ಮೇಯ್ನ್ ರಾಜ್ಯದ ತನಕ ಹೋಗಿ ಬರುತ್ತವೆ. ಎಷ್ಟೇ ದೂರ ಹೋದರೂ ಇದು ದಡದ ಮೀನು. ಇಳಿತ ಶುರುವಾದಾಗ ಜೌಗಿನಿಂದ ಸಣ್ಣ ಮೀನುಗಳು ನೀರಿನ ಜೊತೆ ತೋಡಿನ ಬಾಯಿಗೆ ಬರುತ್ತವೆ. ಸ್ಟ್ರೈಪ್ಡ್ ಬಾಸ್ ಅಲ್ಲಿ ಕಾದಿರುತ್ತದೆ. ಮೇಲೆ ಕಡಲ ಹಕ್ಕಿಗಳು ಗುಂಪುಗಟ್ಟಿ ಕೂಗುತ್ತಿದ್ದರೆ ಕೆಳಗೆ ಬೇಟೆ ನಡೆದಿದೆ ಎಂದೇ ಅರ್ಥ. ದೊಡ್ಡ ಹಡಗು ಬೇಡ, ದೂರದ ಪ್ರಯಾಣ ಬೇಡ. ಉಬ್ಬರ-ಇಳಿತದ ಲೆಕ್ಕ ಗೊತ್ತಿದ್ದರೆ ಕೆಲಸ ಮುಗಿಸಿ ಸಂಜೆ ಹೋಗಿ ಹಿಡಿಯಬಹುದಾದ ಮೀನು.

ಬಾಲ್ಟಿಮೋರಿನಲ್ಲಿ ಟಾಮ್ ಲವಿಂಗ್ ಎಂಬ ಗಾಳದವನಿದ್ದ. 1920ರ ದಶಕದಲ್ಲೇ ಆತ ಈ ಮೀನಿಗೆಂದು ಬಿಳಿ ಕೂದಲಿನ ಫ್ಲೈ ಕಟ್ಟಿ ಚೆಸಾಪೀಕ್‌ನಲ್ಲಿ ಬಳಸುತ್ತಿದ್ದ. ಬ್ರೂಕ್ಸ್ ಅಂಥವರ ಒಡನಾಟದಲ್ಲಿ ಬೆಳೆದ. ಮುಂದೆ ಜಗತ್ತಿಗೆ ಕಲಿಸಿದ ವಿದ್ಯೆಯ ಅ ಆ ಇ ಈ ಆತ ಕಲಿತದ್ದು ಮನೆಯ ಪಕ್ಕದ ನೀರಿನಲ್ಲಿ.

ಆದರೆ ಆ ವಯಸ್ಸಿನಲ್ಲಿ ಗಾಳ ಆತನ ಕಸುಬಾಗಿರಲಿಲ್ಲ. ಮನೆಯವರದು ವಿಮೆ ವ್ಯವಹಾರ, ಅಲ್ಲಿ ಕೆಲಸ. ಬೇಸ್‌ಬಾಲ್, ಗಾಲ್ಫ್ ಯಾವುದಕ್ಕೆ ನಿಂತರೂ ಚೆನ್ನಾಗಿ ಆಡುವ ಮೈಕಟ್ಟು. ಹೊರಗಿನಿಂದ ನೋಡಿದರೆ ಎಲ್ಲ ಇದ್ದವನು. ಒಳಗೆ ಮಾತ್ರ ಕುಡಿತ ಹಿಡಿದಿತ್ತು. ಅದು ಹಬ್ಬದ ದಿನದ ಕುಡಿತವಲ್ಲ, ಆಳನ್ನು ನುಂಗುವ ಕುಡಿತ. ನಾವು ಕೆರಿಯರ್ ಕಟ್ಟಬೇಕು ಎನ್ನುವ ಆ ಇಪ್ಪತ್ತು, ಮೂವತ್ತರ ವರ್ಷಗಳ ದೊಡ್ಡ ಪಾಲನ್ನು ಬ್ರೂಕ್ಸ್ ಹೀಗೆ ಕಳೆದುಕೊಂಡ.

ಈ ಭಾಗವನ್ನು ನಾನು ಎರಡು ಸಲ ಓದಿದೆ. ಕಾರಣ ನನ್ನ ಸೋದರಮಾವ. ಒಂದು ಕಾಲದಲ್ಲಿ ತಾಲ್ಲೂಕು ಮಟ್ಟದ ವಾಲಿಬಾಲ್‌ನಲ್ಲಿ ಮಾವನ ಸ್ಮ್ಯಾಶ್ ನೋಡಲೆಂದೇ ಜನ ಸೇರುತ್ತಿದ್ದರಂತೆ. ನನಗೆ ನೆನಪಿರುವ ಮಾವ ಬೇರೆ. ಕುಡಿದು ಬಂದವರನ್ನು ಅಮ್ಮ ಮಾತಿಲ್ಲದೆ ಒಳಗೆ ಕರೆದು ಊಟಕ್ಕಿಡುತ್ತಿದ್ದ ರಾತ್ರಿಗಳೇ ನನಗೆ ಗೊತ್ತು. ಏಳು ತಿಂಗಳಿಂದ ಮಾವ ಕುಡಿತ ಮುಟ್ಟಿಲ್ಲ. ವಯಸ್ಸು ನಲವತ್ತೆರಡು. ಇನ್ನೇನು ಮಾಡ್ತಾನೆ ಬಿಡು ಅನ್ನುವವರು ಊರಲ್ಲಿ ತುಂಬ ಜನ ಇದ್ದಾರೆ. ಬ್ರೂಕ್ಸ್‌ಗೂ ಅಂಥ ಊರಿನವರು ಇದ್ದೇ ಇದ್ದಿರಬೇಕು.

ಬ್ರೂಕ್ಸ್ ಕುಡಿತ ಬಿಟ್ಟ. ಬಿಟ್ಟ ಮೇಲೆ ಖಾಲಿಯಾದ ಜಾಗದಲ್ಲಿ ಏನನ್ನಾದರೂ ತುಂಬಬೇಕಲ್ಲ? ಆತ ತನಗೆ ಚಿಕ್ಕಂದಿನಿಂದ ಗೊತ್ತಿದ್ದ ನೀರನ್ನೇ ತುಂಬಿಕೊಂಡ. ಗಾಳ ಹಾಕಿದ, ಅದರ ಬಗ್ಗೆ ಪತ್ರಿಕೆಗಳಿಗೆ ಬರೆದ. ಮೇರಿಲ್ಯಾಂಡಿನಲ್ಲಿ ಕೆಲವು ಗೆಳೆಯರು ಸೇರಿ ಹುಡುಗರಿಗೆ ಗಾಳದ ವಿದ್ಯೆಯನ್ನೂ, ನದಿ ಉಳಿಸುವ ಪಾಠವನ್ನೂ ಕಲಿಸಲು ಒಂದು ಸಂಘ ಕಟ್ಟಿದರು. ಅದರಲ್ಲಿ ಬ್ರೂಕ್ಸ್ ಮೊದಲಿಂದಲೂ ಇದ್ದ. ಸಂಘದ ಹೆಸರು 'ಬ್ರದರ್‌ಹುಡ್ ಆಫ್ ದಿ ಜಂಗಲ್ ಕಾಕ್'. ನಮ್ಮ ಮಾತಿನಲ್ಲಿ ಕಾಡುಕೋಳಿ ಬಳಗ.

ಈ ಹೆಸರು ನೋಡಿ ನನಗೆ ನಗು ಬಂತು. ಯಾಕೆಂದರೆ ಆ ಕಾಡುಕೋಳಿ ನಮ್ಮದೇ. ಬೂದು ಕಾಡುಕೋಳಿ ಎಂಬ ಈ ಹಕ್ಕಿ ಇರುವುದು ಭಾರತದಲ್ಲಿ ಮಾತ್ರ. ಪಶ್ಚಿಮ ಘಟ್ಟದ ಕಾಫಿ ತೋಟದಲ್ಲಿ, ಬಂಡೀಪುರ, ನಾಗರಹೊಳೆಯ ರಸ್ತೆ ಬದಿಯಲ್ಲಿ ನೀವೂ ನೋಡಿರುತ್ತೀರಿ. ಹುಂಜದ ಕತ್ತಿನ ಗರಿಗಳಲ್ಲಿ ಮೇಣ ಮೆತ್ತಿದಂಥ ಹೊಳೆಯುವ ಚುಕ್ಕೆಗಳಿವೆ. ಫ್ಲೈ ಕಟ್ಟುವವರಿಗೆ ಆ ಚುಕ್ಕೆ ಮೀನಿನ ಕಣ್ಣಿನ ಹಾಗೆ. ಬ್ರಿಟಿಷರ ಕಾಲದಿಂದ ಈ ಹಕ್ಕಿಯ ಚರ್ಮ, ಗರಿ ಹಡಗೇರಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗುತ್ತಿತ್ತು. 1960ರ ದಶಕದ ಕೊನೆಗೆ ಭಾರತ ಈ ರಫ್ತನ್ನು ನಿಲ್ಲಿಸಿತು. ಈಗ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಬಾಲ್ಟಿಮೋರಿನ ಹುಡುಗರು ಯಾವ ಹಕ್ಕಿಯ ಹೆಸರಿನಲ್ಲಿ ನದಿ ಉಳಿಸಲು ಕಲಿತರೋ ಆ ಹಕ್ಕಿ ನಮ್ಮ ಮಲೆನಾಡಿನಲ್ಲಿ ಬೆಳಗಿನ ಜಾವ ಕೂಗುತ್ತದೆ. ಇದು ನಮ್ಮ ಎಷ್ಟು ಜನಕ್ಕೆ ಗೊತ್ತು?

ಕೆನಡಾದ ಮೇರಿ ಎಂಬಾಕೆಯನ್ನು ಬ್ರೂಕ್ಸ್ ಮದುವೆಯಾದ. ಆತನ ಪ್ರವಾಸಗಳಲ್ಲಿ, ಬರವಣಿಗೆಯಲ್ಲಿ ಆಕೆ ಕೊನೆಯವರೆಗೂ ಜೊತೆ ನಿಂತಳು. ನೆಲೆ ಕಂಡವನಿಗೆ ಇನ್ನು ಓಡುವುದೊಂದೇ ಬಾಕಿ. 1947ರ ಜೂನ್‌ನಲ್ಲಿ ಫ್ಲಾರಿಡಾದ ದ್ವೀಪಗಳ ಬಳಿ, ಜಿಮ್ಮಿ ಆಲ್‌ಬ್ರೈಟ್ ಎಂಬ ದೋಣಿಯವನ ಜೊತೆ ಹೋಗಿ, ಆಳವಿಲ್ಲದ ನೀರಿನಲ್ಲಿ ಬೋನ್‌ಫಿಶ್ ಎಂಬ ಮೀನನ್ನು ಕಣ್ಣಾರೆ ನೋಡಿ, ಗುರಿಯಿಟ್ಟು, ಫ್ಲೈಯಲ್ಲಿ ಹಿಡಿದ. ಅಲ್ಲಿಯವರೆಗೆ ಫ್ಲೈಗೆ ಆ ಮೀನು ಸಿಕ್ಕಿದ್ದು ಹೆಚ್ಚಾಗಿ ಅಕಸ್ಮಾತ್ ಆಗಿಯೇ. ಬೇಕೆಂದೇ ಹಿಡಿಯಬಹುದು ಎಂದು ತೋರಿಸಿದ್ದು ಬ್ರೂಕ್ಸ್. ಆಗ ಆತನ ವಯಸ್ಸು ನಲವತ್ತಾರು. ಮುಂದೆ ಮಯಾಮಿಯ ದೊಡ್ಡ ಮೀನುಗಾರಿಕೆ ಸ್ಪರ್ಧೆಯೊಂದರ ಮ್ಯಾನೇಜರ್ ಆಗಿ, ಅಲ್ಲಿ ಫ್ಲೈ ಹಿಡಿದವರಿಗೆ ಉತ್ತೇಜನ ಕೊಟ್ಟ.

1948ರಲ್ಲಿ ಆತನ ಹೆಸರು ಮತ್ತೆ ಸುದ್ದಿಯಾಯಿತು. ಈ ಸಲ ಮನೆಯ ಮೀನಿನಿಂದಲೇ, ಆದರೆ ಮನೆಯಿಂದ ಬಹುದೂರ. ದೇಶದ ಇನ್ನೊಂದು ತುದಿ ಆರೆಗನ್ ರಾಜ್ಯದ ಕೂಸ್ ಬೇ ಎಂಬಲ್ಲಿ 29 ಪೌಂಡ್ 6 ಔನ್ಸ್ ತೂಕದ ಸ್ಟ್ರೈಪ್ಡ್ ಬಾಸ್ ಅನ್ನು ಫ್ಲೈಯಲ್ಲಿ ಹಿಡಿದ. ನಮ್ಮ ಲೆಕ್ಕದಲ್ಲಿ 13 ಕಿಲೋಗಿಂತ ಹೆಚ್ಚು. ಫ್ಲೈಯಲ್ಲಿ ಹಿಡಿದ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಬಹುಕಾಲ ಅದೇ ದಾಖಲೆಯಾಗಿ ಉಳಿಯಿತು.

ಇಲ್ಲೊಂದು ಪ್ರಶ್ನೆ ಏಳಬೇಕು. ಅಟ್ಲಾಂಟಿಕ್‌ನ ಮೀನು ಪೆಸಿಫಿಕ್‌ನಲ್ಲಿ ಏನು ಮಾಡುತ್ತಿತ್ತು? ಉತ್ತರ ರೈಲು. 1869ರಲ್ಲಿ ಅಮೆರಿಕದ ಎರಡು ಕಡೆಯ ಹಳಿಗಳು ಕೂಡಿಕೊಂಡ ಮೇಲೆ, ಲಿವಿಂಗ್‌ಸ್ಟನ್ ಸ್ಟೋನ್ ಎಂಬ ಮೀನು ಸಾಕಣೆ ತಜ್ಞ 1879ರಲ್ಲಿ ನ್ಯೂಜೆರ್ಸಿಯ ನೇವ್‌ಸಿಂಕ್ ನದಿಯಿಂದ ಸ್ಟ್ರೈಪ್ಡ್ ಬಾಸ್ ಮರಿಗಳನ್ನು ರೈಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಒಯ್ದ. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗೆ ಬಿಟ್ಟಾಗ ಬದುಕಿದ್ದವು ಸುಮಾರು 130. ಮೂರು ವರ್ಷದ ನಂತರ ಇನ್ನು ಮುನ್ನೂರರಷ್ಟು ಬಂದವು. ಅಷ್ಟೇ ಬಂಡವಾಳ. ಹತ್ತು ವರ್ಷದಲ್ಲಿ ಅವು ಅಲ್ಲಿನ ಮಾರುಕಟ್ಟೆಯಲ್ಲಿ ಮಾರಾಟಕ್ಕಿದ್ದವು. ಶತಮಾನ ಮುಗಿಯುವ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಮೀರಿ ಹಿಡಿಯುತ್ತಿದ್ದರು. ಅವುಗಳ ಸಂತಾನ ಕರಾವಳಿಯಲ್ಲಿ ಉತ್ತರಕ್ಕೆ ಹರಡಿ ಕೂಸ್ ಬೇ ತಲುಪಿತ್ತು. ಬೇರೆ ನೀರಿಗೆ ಮೀನು ಬಿಡುವುದು ಇವತ್ತಿನ ವಿಜ್ಞಾನ ಒಪ್ಪುವ ಕೆಲಸವಲ್ಲ, ಅದರಿಂದ ಅಲ್ಲಿನ ಮೂಲ ಮೀನುಗಳಿಗೆ ಕುತ್ತು ಬರುತ್ತದೆ. ಆದರೂ ಬಾಲ್ಟಿಮೋರಿನವನೊಬ್ಬ ಅಷ್ಟು ದೂರ ಹೋಗಿ, ತನ್ನ ಹಾಗೇ ಪೂರ್ವದ ಕರಾವಳಿಯ ಮೂಲದ ಮೀನನ್ನೇ ಎದುರುಗೊಂಡದ್ದು ನನಗೆ ತಮಾಷೆಯಾಗಿ ಕಂಡಿತು.

1950ರಲ್ಲಿ ಬ್ರೂಕ್ಸ್ 'ಸಾಲ್ಟ್ ವಾಟರ್ ಫ್ಲೈ ಫಿಶಿಂಗ್' ಎಂಬ ಪುಸ್ತಕ ಬರೆದ. ಕಡಲ ಮೀನಿಗೆ ಫ್ಲೈ ಹಾಕುವುದು ಹುಚ್ಚಲ್ಲ, ಕಲಿಯಬಹುದಾದ ವಿದ್ಯೆ ಎಂದು ಅಡಿಪಾಯ ಹಾಕಿದ ಪುಸ್ತಕ ಅದು. ಕಾಲವೂ ಕೂಡಿಬಂದಿತ್ತು. ನಮ್ಮ ಮೆಟೀರಿಯಲ್ ಸೈನ್ಸ್ ಪಾಠಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. ಮೊದಲು ಕೋಲು ಬಿದಿರಿನದು, ದಾರ ರೇಷ್ಮೆಯದು. ರೇಷ್ಮೆ ನೀರು ಕುಡಿದು ಮುಳುಗುತ್ತಿತ್ತು. ಬಳಸಿದ ಮೇಲೆ ಒಣಗಿಸಿ ಎಣ್ಣೆ ಹಚ್ಚಬೇಕಿತ್ತು. ಫ್ಲೈಗೂ ದಾರಕ್ಕೂ ನಡುವಿನ ತೆಳು ಎಳೆ ರೇಷ್ಮೆ ಹುಳುವಿನ ಗ್ರಂಥಿಯಿಂದ ತೆಗೆದದ್ದು. ಎರಡನೇ ಮಹಾಯುದ್ಧದ ಹಿಂದೆ ಮುಂದೆ ನೈಲಾನ್ ಬಂತು, ಫೈಬರ್‌ಗ್ಲಾಸ್ ಕೋಲು ಬಂತು. 1950ರ ದಶಕದಲ್ಲಿ ಪ್ಲಾಸ್ಟಿಕ್ ಲೇಪದ ದಾರ ಬಂತು. ಉಪ್ಪಿಗೆ ಹೆದರದ, ಕೈಗೆಟಕುವ ಬೆಲೆಯ ಸಾಮಾನು ಬಂದ ಹೊತ್ತಿಗೆ ಅದನ್ನು ಹೇಗೆ ಬಳಸಬೇಕೆಂದು ಹೇಳಿಕೊಡಲು ಬ್ರೂಕ್ಸ್ ಇದ್ದ. ತಂತ್ರಜ್ಞಾನ ಒಂದೇ ಸಾಲದು, ಹೇಳಿಕೊಡುವವನೂ ಬೇಕು.

ಹೇಳಿಕೊಡುವುದರಲ್ಲಿ ಆತನ ದೊಡ್ಡ ಗಳಿಕೆ ಒಬ್ಬ ಶಿಷ್ಯ. 1947ರಲ್ಲಿ ಮೇರಿಲ್ಯಾಂಡಿನ ಫ್ರೆಡೆರಿಕ್ ಊರಿನ ಒಬ್ಬ ಯುವಕ ಬ್ರೂಕ್ಸ್‌ನನ್ನು ಪೊಟೊಮ್ಯಾಕ್ ನದಿಗೆ ಕರೆದುಕೊಂಡು ಹೋದ. ಯುದ್ಧ ಮುಗಿಸಿ ಬಂದಿದ್ದ ಇಪ್ಪತ್ತೆರಡರ ಹುಡುಗ. ಮಾಮೂಲಿ ಗಾಳದಲ್ಲಿ ಪಳಗಿದವನು, ಫ್ಲೈ ಕಂಡವನಲ್ಲ. ಅಂದು ರೆಕ್ಕೆ ಇರುವೆಗಳು ನೀರಿಗೆ ಬಿದ್ದು, ಮೀನುಗಳು ಮೇಲೆದ್ದು ನೀರ ತುಂಬ ಉಂಗುರ ಮೂಡಿಸುತ್ತಿದ್ದವು. ಬ್ರೂಕ್ಸ್ ಉಂಗುರದ ಮೇಲೆ ಫ್ಲೈ ಇಳಿಸುತ್ತ ಒಂದಾದ ಮೇಲೊಂದು ಮೀನು ಹಿಡಿದ. ಹುಡುಗ ಬೆರಗಾದ. ಮರುದಿನವೇ ಬಾಲ್ಟಿಮೋರಿಗೆ ಹೋದ. ಬ್ರೂಕ್ಸ್ ಆತನಿಗೆ ಕೋಲು, ದಾರ ಆರಿಸಿ ಕೊಡಿಸಿ, ಬೀಸುವುದನ್ನೂ ತೋರಿಸಿಕೊಟ್ಟ.

ಆ ಹುಡುಗ ಲೆಫ್ಟಿ ಕ್ರೇ. 2018ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿಗೆ ಫ್ಲೈ ಫಿಶಿಂಗ್ ಕಲಿಸಿದವನು. ಚೆಸಾಪೀಕ್‌ನ ಸ್ಟ್ರೈಪ್ಡ್ ಬಾಸ್‌ಗೆಂದು ಆತ ರೂಪಿಸಿದ 'ಲೆಫ್ಟೀಸ್ ಡಿಸೀವರ್' ಎಂಬ ಫ್ಲೈ ಈಗ ಕಡಲಿರುವ ದೇಶಗಳಲ್ಲೆಲ್ಲ ಪರಿಚಿತ. ನೀರಿನಲ್ಲಿ ಸಣ್ಣ ಮೀನಿನಂತೆ ಕಾಣುವ, ಗಾಳಿಯಲ್ಲಿ ಸಿಕ್ಕಾಗದ, ನೀರಿನಿಂದ ಎತ್ತಿದ ಕೂಡಲೇ ತೆಳುವಾಗಿ ಬೀಸಲು ಹಗುರವಾಗುವ ವಿನ್ಯಾಸ. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಅದರ ಚಿತ್ರವಿರುವ ಸ್ಟಾಂಪನ್ನೇ ತಂದಿತು. ಗುರು ಒಂದು ದಿನ ಬಿಡುವು ಮಾಡಿಕೊಂಡದ್ದರಿಂದ ಎಷ್ಟು ದೂರದ ದಡಗಳಿಗೆ ದಾರ ಹೋಯಿತು ನೋಡಿ.

ಬ್ರೂಕ್ಸ್ ತಾನೂ 'ಬ್ಲಾಂಡ್' ಎಂಬ ಹೆಸರಿನ ಫ್ಲೈಗಳ ಸಾಲನ್ನು ಜನಪ್ರಿಯಗೊಳಿಸಿದ. ದೊಡ್ಡ ಮೀನಿಗೆ ಎದ್ದು ಕಾಣಲೆಂದು ಕೊಕ್ಕೆಯ ಮೇಲೆ ಎರಡು ಕಡೆ ಕೂದಲಿನ ಕುಚ್ಚು ಕಟ್ಟಿದ, ಸರಳವಾದ ಫ್ಲೈಗಳು. 1960ರ ದಶಕದಲ್ಲಿ ಕರ್ಟ್ ಗೌಡಿ ಎಂಬ ಪ್ರಸಿದ್ಧ ಕ್ರೀಡಾ ನಿರೂಪಕನ ಜೊತೆ ಆರ್ಜೆಂಟೀನಾದಲ್ಲಿ ಟ್ರೌಟ್ ಹಿಡಿದದ್ದು ಟಿವಿಯಲ್ಲಿ ಬಂತು. ಅದರಿಂದಲೇ 'ದಿ ಅಮೆರಿಕನ್ ಸ್ಪೋರ್ಟ್ಸ್‌ಮನ್' ಎಂಬ ಕಾರ್ಯಕ್ರಮ ಹುಟ್ಟಿತು. 'ಔಟ್‌ಡೋರ್ ಲೈಫ್' ಪತ್ರಿಕೆಯ ಮೀನುಗಾರಿಕೆ ವಿಭಾಗದ ಸಂಪಾದಕನೂ ಆದ. 1972ರಲ್ಲಿ 'ಟ್ರೌಟ್ ಫಿಶಿಂಗ್' ಎಂಬ ಆತನ ಪುಸ್ತಕ ಬಂತು. ಅದೇ ವರ್ಷ ಬ್ರೂಕ್ಸ್ ತೀರಿಕೊಂಡ. ಮಾಂಟಾನಾ ರಾಜ್ಯದಲ್ಲಿ, ಆತನಿಗೆ ಪ್ರಿಯವಾಗಿದ್ದ ಯೆಲ್ಲೋಸ್ಟೋನ್ ನದಿಯ ಕಣಿವೆಯಲ್ಲಿ ಮಣ್ಣು ಮಾಡಿದರು.

ಆತ ಹೋದ ಮೇಲೆ ಆತನ ಊರಿನ ಮೀನಿಗೆ ಕಷ್ಟ ಬಂತು. 1970ರ ದಶಕದಿಂದ ಸ್ಟ್ರೈಪ್ಡ್ ಬಾಸ್ ಸಂಖ್ಯೆ ಕುಸಿಯತೊಡಗಿತು. ಅತಿಯಾಗಿ ಹಿಡಿದದ್ದು ಮುಖ್ಯ ಕಾರಣ, ಮರಿಗಳು ಬೆಳೆಯುವ ನೀರು ಕೆಟ್ಟದ್ದು ಇನ್ನೊಂದು. 1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾಯ್ದೆ ಮಾಡಿತು. ಮೇರಿಲ್ಯಾಂಡ್ 1985ರಿಂದ 1990ರವರೆಗೆ ಹಿಡಿಯುವುದನ್ನೇ ಪೂರ್ತಿ ನಿಷೇಧಿಸಿತು. ಅದರಿಂದ ಬದುಕು ನಡೆಸುತ್ತಿದ್ದ ಬೆಸ್ತರಿಗೆ ಅದು ಸಣ್ಣ ಪೆಟ್ಟಲ್ಲ. ಆದರೆ ಮೀನು ಮರಳಿತು. 1995ರಲ್ಲಿ ಅಟ್ಲಾಂಟಿಕ್ ಕರಾವಳಿಯ ಸ್ಟ್ರೈಪ್ಡ್ ಬಾಸ್ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಅಲ್ಲಿಗೆ ಕತೆ ಸುಖಾಂತ್ಯವೇನಲ್ಲ. 2019ರಲ್ಲಿ ಬಂದ ಲೆಕ್ಕ ಮತ್ತೆ ಮೀನು ಕಡಿಮೆಯಾಗಿದೆ ಎಂದು ಎಚ್ಚರಿಸಿತು. ಹಿಡಿಯುವ ಮಿತಿಯನ್ನು ಮತ್ತೆ ಬಿಗಿ ಮಾಡಿದರು.

ಇದನ್ನೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು, ಚೇತರಿಕೆ ಎನ್ನುವುದು ಒಂದು ಸಲ ಬರೆದು ಪಾಸಾಗುವ ಪರೀಕ್ಷೆಯಲ್ಲ. ಮೀನಿಗೂ ಅಲ್ಲ, ಮನುಷ್ಯನಿಗೂ ಅಲ್ಲ. ಪ್ರತಿ ವರ್ಷ, ಪ್ರತಿ ದಿನ ಕಾಪಾಡಿಕೊಳ್ಳಬೇಕು. ಮಾವನಿಗೆ ನಾನು ಬ್ರೂಕ್ಸ್ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಆ ಕೋಲು ಎಷ್ಟು ಉದ್ದ ಇರುತ್ತದೆ ಎಂದಷ್ಟೇ ವಿಚಾರಿಸಿದರು. ಒಂಬತ್ತು ಅಡಿ ಎಂದೆ. ಈಗ ಅವರು ಪಂಪ್‌ಸೆಟ್ ರಿಪೇರಿಗೆ ಕೈ ಹಾಕಿದ್ದಾರೆ, ಹಿಂದೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದು.

ಬ್ರೂಕ್ಸ್ ಬದುಕಿನಿಂದ ಕಲಿಯುವುದೆಂದರೆ ಎಲ್ಲರೂ ಗಾಳ ಹಿಡಿಯಬೇಕು ಎಂದಲ್ಲ. ಕಳೆದ ವರ್ಷಗಳನ್ನು ಆತ ಸುಮ್ಮನೆ ಕಳೆದ, ಚಿಂತೆ ಮಾಡಬೇಡಿ ಎಂದೂ ನಾನು ಹೇಳುವುದಿಲ್ಲ. ಆ ವರ್ಷಗಳು ಆತನಿಗೆ ವಾಪಸ್ ಸಿಗಲಿಲ್ಲ. ಆದರೆ ಮತ್ತೆ ಶುರು ಮಾಡುವಾಗ ಆತ ಅಪರಿಚಿತ ಜಾಗಕ್ಕೆ ಓಡಲಿಲ್ಲ. ತನ್ನೂರಿನ ಇಳಿತದ ಹೊತ್ತು, ತೋಡಿನ ಬಾಯಿ, ಅಲ್ಲಿ ಕಾದಿರುವ ಗೆರೆಮೀನು ಇಷ್ಟೇ ಆತನ ಬಂಡವಾಳವಾಗಿತ್ತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಹೆಸರು ಬಾರದೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿರುವ ಗೆಳೆಯರಿಗೆ, ಮೂರನೇ ಸಲ ಕೆಎಎಸ್ ಬರೆಯುತ್ತಿರುವ ಅಣ್ಣ ಅಕ್ಕಂದಿರಿಗೆ ಒಂದು ಮಾತು: ನಿಮಗೆ ಚೆನ್ನಾಗಿ ಗೊತ್ತಿರುವ ನೀರು ಯಾವುದು ಎಂದು ಒಮ್ಮೆ ನೋಡಿಕೊಳ್ಳಿ. ದಾರ ಬೀಸುವವರು ಮುಂದಕ್ಕೆ ಎಸೆಯುವ ಮೊದಲು ಹಿಂದೆ ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ಕಾಯುತ್ತಾರೆ. ಕಾಯದೆ ಎಸೆದರೆ ದಾರ ಕಾಲ ಬಳಿಯೇ ಬೀಳುತ್ತದೆ.